ಯಾರಾದರೂ ಹೇಳಿರುತ್ತಾರೆ

ಫೋನೆತ್ತಿದರೆ ಅವರು ಹಲೋ ಎನ್ನುತ್ತಿರಲಿಲ್ಲ. "ಕೇಳಿಸ್ತಿದೆ, ಹೇಳಿ" ಎನ್ನುತ್ತಿದ್ದರು. ನಾವು ಹೇಳಿ ಮುಗಿಸಿದ ಮೇಲೆ ಸರಿ, ಆಯ್ತು, ಇಡ್ತೀನಿ ಯಾವುದೂ ಇಲ್ಲ. ಫೋನು ಕಟ್. ಮೊದಲ ಸಲ ಹಾಗಾದಾಗ ನಾನು ಅವಮಾನವಾಯಿತೆಂದು ಸಂಜೆಯವರೆಗೆ ಮುಖ ಊದಿಸಿಕೊಂಡು ಕೂತಿದ್ದೆ. ಗದಗದ ಕಡೆಯಿಂದ ಬಂದು ಬಿಟಿಎಂ ಲೇಔಟಿನಲ್ಲಿ ಒಂದು ರೂಮು ಬಾಡಿಗೆ ಹಿಡಿದವಳು ನಾನು. ನಮ್ಮ ಕಡೆ ಫೋನು ಇಡುವುದಕ್ಕೇ ಐದು ನಿಮಿಷ ಬೇಕು. ಊಟ ಆತಿಲ್ಲೋ, ಮಳಿ ಹೆಂಗದ, ಮತ್ತ ಇಡ್ಲ್ಯಾ, ಹ್ಞೂಂ ಇಡು, ಇಡ್ತೀನಿ ಹಂಗಾರ. ಇವರಿಗೆ ಅಂಥ ಮಾತೆಲ್ಲ ರಸ್ತೆಗೆ ಅಡ್ಡ ನಿಲ್ಲಿಸಿದ ಗಾಡಿ ಇದ್ದಂತೆ. ತೆಗೆದರೆ ಹಿಂದಿನವರಿಗೆ ದಾರಿಯಾಗುತ್ತದೆ.

ಆಫೀಸಿನಲ್ಲಿ ನನ್ನ ಮೇಲಿನವರಾಗಿದ್ದ ಅವರು ಕೆಲಸ ಬಿಟ್ಟು ಎರಡು ವರ್ಷವಾಯಿತು. ಈಗ ನಮ್ಮ ಆಫೀಸನ್ನು ಬನಶಂಕರಿಯ ದೊಡ್ಡ ಕಟ್ಟಡಕ್ಕೆ ಸಾಗಿಸುತ್ತಿದ್ದಾರೆ. ಹೋದ ವಾರ, ಇಷ್ಟು ದಿನ ಆಫೀಸಿದ್ದ ಜೆಪಿ ನಗರದ ಹಳೇ ಮನೆಯ ಮಹಡಿಯಲ್ಲಿ ಸಾಮಾನು ಕಟ್ಟುವಾಗ ಅವರ ಮೇಜಿನ ಡ್ರಾಯರಿನಲ್ಲಿ ಇಸ್ತ್ರಿ ಮಾಡಿದ ಮೂರು ಕರ್ಚೀಫು, ಮೆತ್ತಗಾದ ಹುರಿಗಡಲೆಯ ಒಂದು ಡಬ್ಬಿ ಸಿಕ್ಕವು. ಅವನ್ನು ನೋಡಿ ಇದನ್ನು ಬರೆಯಬೇಕು ಅನ್ನಿಸಿತು. ಹೆಸರು ಬರೆಯುವುದಿಲ್ಲ. ತಮ್ಮ ಹೆಸರು ಎಲ್ಲಾದರೂ ಅಚ್ಚಾದರೆ ಅವರಿಗೆ ಮುಜುಗರ. ನಾವೂ ಅವರನ್ನು ಹೆಸರು ಹಿಡಿದು ಕರೆದವರಲ್ಲ, ಎಲ್ಲರ ಬಾಯಲ್ಲೂ ಬರೀ ಸರ್.

ಅವರು ಜರಗನಹಳ್ಳಿಯವರು. ಊರು ಇನ್ನೂ ಊರಾಗಿದ್ದಾಗ ಅಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನ. ಅಣ್ಣಂದಿರು ಹೊಲವಿದ್ದ ಜಾಗದಲ್ಲಿ ಮನೆ ಕಟ್ಟಿಸಿ ಬಾಡಿಗೆಗೆ ಬಿಟ್ಟು ಮೀಸೆ ತಿರುವಿಕೊಂಡು ಇದ್ದರೆ, ಇವರೊಬ್ಬರು ಓದಿ ಇಂಜಿನಿಯರಾದರು. ಇವರ ಪಾಲಿಗೂ ಮೂರು ಬಾಡಿಗೆ ಮನೆಗಳಿದ್ದವು. ಕೂತು ಉಣ್ಣಬಹುದಿತ್ತು. ಆದರೂ ದಿನಾ ಒಂಬತ್ತಕ್ಕೆ ಹಳೇ ಸ್ಕೂಟರಿನಲ್ಲಿ ಬಂದು ಆಫೀಸಿನ ಬೀಗ ತೆಗೆಯುತ್ತಿದ್ದವರು ಅವರೇ.

ನಮ್ಮ ಕೆಲಸ ಹೇಳಿಕೊಳ್ಳುವುದಕ್ಕೆ ಸುಲಭ. ಬೇರೆಬೇರೆ ಜಿಲ್ಲೆಗಳ ತಾಲ್ಲೂಕು, ಹೋಬಳಿಗಳಲ್ಲಿ ಸಂಜೆ ಪಾಠ ಮಾಡುವ ನೂರಾರು ಕಲಿಕಾ ಕೇಂದ್ರಗಳಿವೆ. ಅಲ್ಲಿನ ಮಕ್ಕಳಿಗೆ ತೋರಿಸುವ ಆ ದಿನದ ವಿಡಿಯೋ ಪಾಠವನ್ನು ನಾವು ಮಧ್ಯಾಹ್ನ ಎರಡಕ್ಕೆ ಕಳಿಸಲು ಶುರುಮಾಡಿ ಐದರೊಳಗೆ ಮುಟ್ಟಿಸಬೇಕು. ಒಂದೊಂದು ಕೇಂದ್ರಕ್ಕೂ ಪ್ರತ್ಯೇಕವಾಗಿ ಕಳಿಸಿದರೆ ನೆಟ್‌ವರ್ಕು ತುಂಬಿಹೋಗುತ್ತದೆ. ಅದಕ್ಕೆ ಒಂದೇ ಸಲ ಬಿಡುವುದು. ದಾರಿ ಕವಲೊಡೆಯುವಲ್ಲೆಲ್ಲ ಅದರ ಪ್ರತಿಯಾಗುತ್ತಾ ಹೋಗಿ ಎಲ್ಲರಿಗೂ ಸೇರುತ್ತದೆ. ಪಾಠ ಹೋಗುವುದು ಸಣ್ಣಸಣ್ಣ ತುಂಡುಗಳಾಗಿ. ಯಾವ ತುಂಡು ಬರಲಿಲ್ಲವೋ ಅದನ್ನು ಆ ಕೇಂದ್ರದವರು ಕೇಳಬೇಕು, ನಾವು ಮತ್ತೆ ಕಳಿಸಬೇಕು.

ತೊಂದರೆ ಇರುವುದು ಎಷ್ಟು ವೇಗವಾಗಿ ಬಿಡಬೇಕು ಎನ್ನುವುದರಲ್ಲಿ. ಕೆಲವು ಕೇಂದ್ರಗಳ ದಾರಿ ಅಗಲವಾದ ಖಾಲಿ ನೈಸ್ ರೋಡಿನಂತೆ, ಕೆಲವರದ್ದು ಗಾಡಿಗಳು ಸಿಕ್ಕಿಹಾಕಿಕೊಂಡು ನಿಲ್ಲುವ ಸಂಜೆಯ ಸಿಲ್ಕ್ ಬೋರ್ಡು. ವೇಗ ಹೆಚ್ಚಾದರೆ ಇಕ್ಕಟ್ಟಿನಲ್ಲಿ ತುಂಡುಗಳು ಬಿದ್ದುಹೋಗುತ್ತವೆ, ಬಿದ್ದದ್ದನ್ನು ಎಲ್ಲರೂ ಕೇಳುತ್ತಾರೆ, ಕೇಳಿದ್ದನ್ನೆಲ್ಲ ಮತ್ತೆ ಕಳಿಸುವುದರಿಂದಲೇ ದಾರಿ ಇನ್ನಷ್ಟು ತುಂಬುತ್ತದೆ. ಸೇರಿದ ಹೊಸದರಲ್ಲಿ ನನಗೆ ಇದು ತಲೆಗೆ ಹೋಗಲಿಲ್ಲ. ಅವರು ಪುಸ್ತಕ ತೆಗೆಯಲಿಲ್ಲ, ನನ್ನನ್ನೂ ಪಕ್ಕದ ಮೇಜಿನ ಹುಡುಗನನ್ನೂ ಕರೆದುಕೊಂಡು ಕುಮಾರಸ್ವಾಮಿ ಲೇಔಟಿನ ಒಂದು ರಸ್ತೆಗೆ ಹೋದರು. ಅಲ್ಲಿ ನೀರು ಬಿಡುವ ವಾಟರ್‌ಮ್ಯಾನ್ ವಾಲ್ವ್ ತಿರುಗಿಸಿ, ಸೈಕಲ್ ಹತ್ತಿ ಸೀದಾ ರಸ್ತೆಯ ಕೊನೇ ಮನೆಗೆ ಹೋದ. ಆ ಮನೆಯ ಸಂಪಿಗೆ ನೀರು ಎಷ್ಟು ಬೀಳುತ್ತಿದೆ ಎಂದು ಇಣುಕಿ ನೋಡಿ ವಾಪಸು ಬಂದು ವಾಲ್ವನ್ನು ಅರ್ಧ ಸುತ್ತು ತಿರುಗಿಸಿದ. ಮಧ್ಯದ ಯಾವ ಮನೆಯನ್ನೂ ಅವನು ಕೇಳಲಿಲ್ಲ. "ನೋಡಿದ್ಯೇನಮ್ಮ, ಅವನು ಯಾವ ಕಾಲೇಜಲ್ಲೂ ಓದಿಲ್ಲ. ಯಾರಿಗೆ ತೀರಾ ಕಷ್ಟ ಇದೆಯೋ ಅವರ ಹತ್ರ ಮಾತ್ರ ಕೇಳ್ತಾನೆ" ಎಂದರು. ನಮ್ಮ ಇಡೀ ವ್ಯವಸ್ಥೆ ಹಾಗೇ ನಡೆಯುತ್ತಿತ್ತು. ಆ ಹೊತ್ತಿಗೆ ಯಾವ ಕೇಂದ್ರದ ದಾರಿ ಎಲ್ಲಕ್ಕಿಂತ ಇಕ್ಕಟ್ಟೋ ಅದನ್ನು ಹುಡುಕುವುದು, ಅದರ ವೇಗಕ್ಕೆ ನಮ್ಮ ವೇಗ ಹೊಂದಿಸುವುದು.

ಇದರಿಂದ ಕಂಪನಿಯ ಮಾಲೀಕರಿಗೂ ಅವರಿಗೂ ಜಗಳವಾಗುತ್ತಿತ್ತು. ಗುಡ್ಡದ ಮೇಲಿನ ಒಂದು ಕೇಂದ್ರ ದಿನಾ ಎಲ್ಲರನ್ನೂ ಹಿಂದಕ್ಕೆ ಎಳೆಯುತ್ತಿತ್ತು. ಅದನ್ನು ಪಟ್ಟಿಯಿಂದ ತೆಗೆಯಿರಿ ಎಂದು ಮಾಲೀಕರು ಹೇಳಿದರು. ಇವರು ಎರಡು ದಿನ ರಜೆ ಹಾಕಿ, ಬಸ್ಸಿನಲ್ಲಿ ಅಲ್ಲಿಗೆ ಹೋಗಿ ನೋಡಿದರೆ ಹೊರಗೋಡೆಯ ಕೇಬಲ್ಲನ್ನು ಅಳಿಲು ಅರ್ಧ ತಿಂದು ಹಾಕಿತ್ತು. ನಿಧಾನವಿದ್ದವನೆಲ್ಲ ದಡ್ಡನಲ್ಲ, ಅವನ ದಾರಿ ಏನಾಗಿದೆ ನೋಡಬೇಕು ಎಂದು ವಾಪಸು ಬಂದು ಹೇಳಿದರು. ಹಾಗಂತ ಅವರು ಧರ್ಮರಾಯನೇನೂ ಅಲ್ಲ. ಒಬ್ಬರಿಗಾಗಿ ಎಲ್ಲರ ಪಾಠ ತಡವಾಗುವುದನ್ನೂ ಸಹಿಸುತ್ತಿರಲಿಲ್ಲ. ತೀರಾ ಹಿಂದೆ ಬಿದ್ದವರಿಗೆ ಬೆಳಿಗ್ಗೆ ಬೇರೆಯಾಗಿ, ನಿಧಾನಕ್ಕೆ ಇನ್ನೊಮ್ಮೆ ಕಳಿಸುವ ಏರ್ಪಾಡು ಮಾಡಿದರು. ಮಾಲೀಕರ ಹತ್ತಿರ ತಾವು ಗೆದ್ದದ್ದನ್ನು ಹೇಳಿಕೊಂಡು ಒಂದು ವಾರ ನಮ್ಮ ತಲೆ ತಿಂದರು.

ಇನ್ನು ಅವರ ಬಂಗಾರದಂಥ ನಿಯಮಕ್ಕೆ ಬರುತ್ತೇನೆ. ಒಂದು ಮಧ್ಯಾಹ್ನ ಪಾಠದ ಒಂದು ತುಂಡು ನಮ್ಮ ಬಾಗಿಲಲ್ಲೇ ಬಿದ್ದುಹೋಯಿತು. ಯಾರಿಗೂ ಹೋಗಲಿಲ್ಲ. ನೂರಾರು ಕೇಂದ್ರದವರು ಒಂದೇ ಸಲ ಫೋನು ಮಾಡಿದರು. ಗ್ರೂಪಿನಲ್ಲಿ "ಸಾರ್ ಬಂದಿಲ್ಲ", "ನಮಗೂ ಬಂದಿಲ್ಲ ಸಾರ್", "ಸೇಮ್ ಪ್ರಾಬ್ಲಂ", ಒಬ್ಬರಂತೂ ಕೈಮುಗಿಯುವ ಚಿತ್ರ. ಒಂದು ತುಂಡು ಮತ್ತೆ ಕಳಿಸಲು ಅರ್ಧ ನಿಮಿಷ ಸಾಕಿತ್ತು. ಉತ್ತರ ಕೊಡುವುದರಲ್ಲೇ ಒಂದು ಗಂಟೆ ಹೋಯಿತು. ಮರುದಿನ ಅವರು ಆಜ್ಞೆ ಹೊರಡಿಸಿದರು. ಸಿಕ್ಕಿದವರು ಸಿಕ್ಕಿತು ಎಂದು ಹೇಳಲೇಬಾರದು. ಸಿಗದವರು ತಮ್ಮ ಮೊಬೈಲ್ ನಂಬರಿನ ಕೊನೆಯ ಅಂಕಿ ಎಷ್ಟೋ ಅಷ್ಟು ನಿಮಿಷ ಕಾಯಬೇಕು. ಅಷ್ಟರೊಳಗೆ ಬೇರೆ ಯಾರಾದರೂ ಅದನ್ನೇ ಕೇಳಿದರೆ ಬಾಯಿ ಮುಚ್ಚಿಕೊಂಡಿರಬೇಕು. ಒಬ್ಬರು ಕೇಳಿದರೆ ಸಾಕು, ಎಲ್ಲರಿಗೂ ಹೋಗುತ್ತದೆ. ಕಂಪ್ಯೂಟರುಗಳಿಗೆ ಅವರು ಈ ವಿದ್ಯೆಯನ್ನು ಮೊದಲೇ ಕಲಿಸಿದ್ದರು. ಈಗ ಮನುಷ್ಯರಿಗೂ ಕಲಿಸಿದರು.

ಆಫೀಸಿನಲ್ಲಿದ್ದ ನಾವು ಹನ್ನೆರಡು ಜನಕ್ಕೂ ಅದೇ ಕಾನೂನು. ಏಸಿ ಕೆಟ್ಟರೆ, ನೀರಿನ ಕ್ಯಾನ್ ಖಾಲಿಯಾದರೆ, ಅವರ ಹತ್ತಿರ ಏನೇ ದೂರು ಒಯ್ಯಬೇಕಾದರೂ ಅಂಕಿ ಎಣಿಸಬೇಕು. ಪಕ್ಕದ ಮೇಜಿನ ಹುಡುಗನ ಅಂಕಿ ಸೊನ್ನೆ. ಎಲ್ಲ ದೂರೂ ಅವನದ್ದೇ, ಅವನಿಗೆ ಸೊನ್ನೆ ಎಂದೇ ಹೆಸರು ಬಿತ್ತು. ನನ್ನ ಅಂಕಿ ಎಂಟು. ಹುಟ್ಟಿದಾಗಿನಿಂದ ಬಾಯಿಬಡಕಿ ಅನ್ನಿಸಿಕೊಂಡವಳಿಗೆ ಎಂಟು ನಿಮಿಷ ಸುಮ್ಮನಿರುವುದು ಎಂದರೆ ಏಕಾದಶಿಗಿಂತ ಕಠಿಣ. ಮೊದಮೊದಲು ಗಂಟಲಲ್ಲಿ ಮಾತು ಸಿಕ್ಕಿಕೊಂಡು ಕೆಮ್ಮು ಬರುತ್ತಿತ್ತು. ನನ್ನ ಪೇಚಾಟ ನೋಡಿ ಅವರು ಕರ್ಚೀಫು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಬರಬರುತ್ತಾ ಅಭ್ಯಾಸವಾಯಿತು. ಆಫೀಸು ಎಷ್ಟು ಶಾಂತವಾಯಿತೆಂದರೆ ಕೆಳಗಿನ ದರ್ಜಿಯ ಅಂಗಡಿಯ ಮಷೀನು ನಮಗೆ ಕೇಳಿಸುತ್ತಿತ್ತು. "ಸದ್ದಿಲ್ಲ ಅಂದ್ರೆ ಎಲ್ಲ ಸರಿ ಇದೆ" ಎಂದು ಅವರು ಕುರ್ಚಿಗೆ ಒರಗಿ ಹುರಿಗಡಲೆ ಬಾಯಿಗೆ ಹಾಕಿಕೊಳ್ಳುತ್ತಿದ್ದರು. ಅವರನ್ನು ಕಂಡರೆ ನನಗೆ ಎಷ್ಟು ಪ್ರೀತಿ ಎಂಬುದು ಅಂಥ ಮಧ್ಯಾಹ್ನಗಳಲ್ಲಿ ಗೊತ್ತಾಗುತ್ತಿತ್ತು.

ಅವರೆಕಾಯಿ ಕಾಲ ಬಂದರೆ ಅವರ ಮನೆಯಿಂದ ಹಿದುಕಿದ ಬೇಳೆ ಸಾರು ಒಂದು ದೊಡ್ಡ ಕ್ಯಾರಿಯರಿನಲ್ಲಿ ಬರುತ್ತಿತ್ತು. ಒಂದು ವರ್ಷ ಹಾಗೆ ತಂದವರು ಅದನ್ನು ಮೇಜಿನ ಮೇಲಿಡಲು ಹೋಗಿ ಎಡಗಡೆ ಅಂಚಿನಿಂದ ಆಚೆ ಇಟ್ಟರು. ಕ್ಯಾರಿಯರು ದಬಾರನೆ ಬಿದ್ದು ಸಾರೆಲ್ಲ ನೆಲದ ಪಾಲು. ನಾವು ಬಿದ್ದುಬಿದ್ದು ನಕ್ಕೆವು, ಅವರೂ ನಕ್ಕರು. ಅದಾದ ಮೇಲೆ ಒಂದೊಂದೇ ನನ್ನ ಕಣ್ಣಿಗೆ ಬೀಳತೊಡಗಿತು. ಬಾಗಿಲು ದಾಟುವಾಗ ಎಡಭುಜ ಚೌಕಟ್ಟಿಗೆ ತಾಗುತ್ತಿತ್ತು. ಎಡಗಡೆ ನಿಂತು ನಮಸ್ಕಾರ ಹೇಳಿದ ಹೊಸ ಹುಡುಗಿಯನ್ನು ನೋಡದೆ ಹೋದರು, ಅವಳು ಬಾತ್‌ರೂಮಿನಲ್ಲಿ ಅತ್ತಳು. ಪರದೆಯ ಎಡ ಮೂಲೆ ಓದಲು ಇಡೀ ತಲೆ ತಿರುಗಿಸುತ್ತಿದ್ದರು. ಹೇಳಬೇಕು ಅನ್ನಿಸಿತು. ಒಂದೆರಡು ಸಲ ಎದ್ದೂ ಎದ್ದೆ. ಅಷ್ಟರಲ್ಲಿ ಸೊನ್ನೆ ಯಾವುದೋ ಕಾಗದ ಹಿಡಿದು ಅವರ ಕೋಣೆಗೆ ಹೋದ. ಹೇಳಲಿಕ್ಕೇ ಹೋಗಿರಬೇಕು ಅಂದುಕೊಂಡು ಕೂತೆ. ನನಗಿಂತ ಹಳಬರು ಹತ್ತು ಜನ ಇದ್ದಾರೆ, ಮನೆಯಲ್ಲಿ ಹೆಂಡತಿ ಇದ್ದಾರೆ, ಯಾರಾದರೂ ಹೇಳಿರುತ್ತಾರೆ. ಅವರು ಚಿಕಿತ್ಸೆ ತೆಗೆದುಕೊಳ್ಳುತ್ತಲೇ ಇರಬಹುದು, ನಾನೇಕೆ ದೊಡ್ಡವರ ಕಣ್ಣಿನ ಮಾತೆತ್ತಲಿ ಎಂದು ಸಮಾಧಾನ ಮಾಡಿಕೊಂಡೆ. ಇನ್ನೊಂದು ಅವರೆಕಾಯಿ ಕಾಲ ಬಂದು ಹೋಯಿತು.

ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವರು ತಡವಾಗಿ, ಪ್ಯಾಂಟಿನ ಮಂಡಿ ಹರಿದುಕೊಂಡು ಬಂದರು. ಕನಕಪುರ ರಸ್ತೆಯ ಬದಿಯಲ್ಲಿ ಎಳನೀರಿನ ಗಾಡಿಗೆ ಸ್ಕೂಟರು ಗುದ್ದಿತ್ತು. ಪೆಟ್ಟು ಜಾಸ್ತಿಯಾಗಿರಲಿಲ್ಲ. ಎಳನೀರಿನವನು ಜಗಳಕ್ಕೆ ಬಂದನೇ ಎಂದು ಕೇಳಿದೆವು. ಇಲ್ಲವಂತೆ. ಎತ್ತಿ ಕೂರಿಸಿ, ಒಂದು ಎಳನೀರು ಕೊಚ್ಚಿ ಕೈಗೆ ಕೊಟ್ಟು, ಅವನು ಹೇಳಿದ ಮಾತನ್ನು ಇವರು ನಮಗೆ ಒಂದು ತಮಾಷೆಯಂತೆ ಹೇಳಿದರು: "ಸಾರ್, ಆರು ತಿಂಗ್ಳಿಂದ ನೋಡ್ತಿದೀನಿ, ದಿನಾ ನನ್ ಗಾಡಿಗೆ ಒರೆಸ್ಕೊಂಡೇ ಹೋಗ್ತೀರಿ. ಕೂಗಿದ್ರೂ ನಿಲ್ಲಲ್ಲ. ಇವತ್ತು ಕೈಗೆ ಸಿಕ್ರಿ. ನಿಮಗೆ ಈ ಪಕ್ಕ ಕಾಣಲ್ಲ, ಮೊದ್ಲು ಕಣ್ಣು ತೋರಿಸ್ಕೊಳ್ಳಿ."

ಅವರು ನಗುತ್ತಿದ್ದರು. ನಮ್ಮಲ್ಲಿ ಒಬ್ಬರೂ ನಗಲಿಲ್ಲ. ಅದು ಅವರಿಗೆ ವಿಚಿತ್ರ ಅನ್ನಿಸಿರಬೇಕು. ಅವತ್ತೇ ಮಧ್ಯಾಹ್ನ ಕಣ್ಣಿನ ಆಸ್ಪತ್ರೆಗೆ ಹೋದರು.

ಗ್ಲೂಕೋಮಾ. ಕಣ್ಣಿನೊಳಗಿನ ಒತ್ತಡ ನರವನ್ನು ಸದ್ದಿಲ್ಲದೆ ತಿನ್ನುತ್ತದೆ. ನೋವಿಲ್ಲ, ಉರಿಯಿಲ್ಲ. ನೋಟ ಅಂಚಿನಿಂದ ಹೋಗುತ್ತಾ ಬರುವುದರಿಂದ ಹೋದವರಿಗೆ ಹೋದದ್ದು ತಿಳಿಯುವುದೇ ಇಲ್ಲ. ಎಡಗಣ್ಣಿನ ಪಕ್ಕದ ನೋಟವೆಲ್ಲ ಮುಗಿದಿತ್ತು. ಹೋದದ್ದು ಬರುವುದಿಲ್ಲ. ಬಲಗಣ್ಣು ಇನ್ನೂ ಗಟ್ಟಿಯಾಗಿದೆ, ಹನಿ ಹಾಕಿಕೊಂಡು ಅದನ್ನಾದರೂ ಉಳಿಸಿಕೊಳ್ಳಬೇಕು ಎಂದು ಡಾಕ್ಟರು ಹೇಳಿ ಕಳಿಸಿದರು. ಒಂದು ವರ್ಷ ಮೊದಲೇ ಬಂದಿದ್ದರೆ ಎಡಗಣ್ಣೂ ಇಷ್ಟು ಕೆಡುತ್ತಿರಲಿಲ್ಲ ಎಂದೂ ಹೇಳಿದರಂತೆ.

ಸೋಮವಾರ ಅವರು ನಮ್ಮನ್ನೆಲ್ಲ ಕೂರಿಸಿಕೊಂಡರು. ಕೈಯಲ್ಲಿ ಒಂದು ಬಿಳಿ ಹಾಳೆ. ಎಷ್ಟು ವೇಗವಾಗಿ ಹೋಗುತ್ತಿದೆ ತಿಳಿಯಬೇಕು, ಯಾವಾಗಿನಿಂದ ಶುರುವಾಯಿತು ನೆನಪಿದೆಯೇ ಎಂದು ಡಾಕ್ಟರು ಕೇಳಿದ್ದಾರೆ, ನನಗೆ ಗೊತ್ತಿಲ್ಲ, ನೀವು ಯಾರಾದರೂ ಏನಾದರೂ ಗಮನಿಸಿದ್ದೀರಾ ಎಂದು ಕೇಳಿದರು. ಕೆಳಗಿನ ಮಷೀನಿನ ಸದ್ದು ಬಿಟ್ಟರೆ ಏನೂ ಇಲ್ಲ. ಈ ಸಲ ನಾನು ಎಣಿಸಲಿಲ್ಲ.

"ಸರ್, ನಾ ನೋಡಿದ್ದೆ" ಎಂದೆ. "ಹೋದ ವರ್ಷ ಸಾರು ಚೆಲ್ಲಿತ್ತಲ್ರೀ, ಅವತ್ತಿಂದ."

ಅವರು ಬರೆದುಕೊಂಡರು. ಆಮೇಲೆ ಸೊನ್ನೆ ಬಾಯಿಬಿಟ್ಟ. ಅವನಿಗೆ ನನಗಿಂತ ಮೊದಲೇ ಗೊತ್ತಿತ್ತು. ಸರ್ ಕೋಣೆಗೆ ಎರಡು ಸಲ ಹೋಗಿ, ಹೇಳಲಾಗದೆ, ಅಕೌಂಟ್ಸ್ ಮೇಡಂಗೆ ಹೇಳಿದ್ದನಂತೆ. ಮೇಡಂ, ಅವರ ಮನೆಯವರಿಗೆ ಗೊತ್ತಿಲ್ಲದೆ ಇರುತ್ತದೆಯೇ ಎಂದು ಸುಮ್ಮನಾಗಿದ್ದರು. ಹೊಸ ಹುಡುಗಿ ತನ್ನ ನಮಸ್ಕಾರ ಅವರಿಗೆ ಕಾಣದೆ ಹೋದ ತಿಂಗಳನ್ನು ಹೇಳಿದಳು. ಮಾಲೀಕರು ಬಾಗಿಲ ಚೌಕಟ್ಟಿನ ಮಾತು ಹೇಳಿದರು. ಹನ್ನೆರಡು ಜನ, ಹನ್ನೆರಡು ಸಾಲು. ಅವರು ಪೆನ್ನಿನ ಮುಚ್ಚಳ ಹಾಕಿದರು. ಮನೆಯಲ್ಲಿ ಹೆಂಡತಿಯನ್ನೂ ಕೇಳಿದ್ದರಂತೆ. ದಿನವಿಡೀ ಜೊತೆಗಿರುವ ಆಫೀಸಿನವರೇ ಏನೂ ಹೇಳದಿರುವಾಗ ಕಣ್ಣಿಗೇನೂ ಆಗಿರಲಾರದು, ಬರೀ ಅಜಾಗರೂಕತೆ ಎಂದುಕೊಂಡೆ ಎಂದು ಹೆಂಡತಿ ಅಂದಿದ್ದರಂತೆ.

"ಎಲ್ರಿಗೂ ತಲುಪಿದೆ" ಎಂದರು. "ನಂಗೊಬ್ಬನಿಗೇ ಬಂದಿಲ್ಲ."

ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ. ಅಕೌಂಟ್ಸ್ ಮೇಡಂ ಅಳುವುದಕ್ಕೆ ಶುರುಮಾಡಿದಾಗ ಅವರೇ ಎದ್ದು ನೀರು ತಂದುಕೊಟ್ಟರು. ತಪ್ಪು ತಮ್ಮದೇ ಎಂದು ವಾದಿಸಿದರು. ಪಕ್ಕದವನು ಕೇಳಿದನೆಂದು ನೀವು ಸುಮ್ಮನಾದ ಮೇಲೂ ಆ ತುಂಡು ನಿಜವಾಗಿ ಬಂತೇ ಎಂದು ನೋಡುತ್ತಿರಬೇಕು. ಬರದಿದ್ದರೆ ಪಕ್ಕದವನ ಕೂಗು ದಾರಿಯಲ್ಲೇ ಸತ್ತಿದೆ ಎಂದರ್ಥ, ಆಗ ನೀವೇ ಮತ್ತೆ ಕೂಗಬೇಕು. ಕಂಪ್ಯೂಟರಿಗೆ ನಿಯಮದ ಈ ಅರ್ಧವನ್ನೂ ಬರೆದಿದ್ದೇನೆ, ನಿಮಗೆ ಹೇಳುವುದು ಮರೆತೆ ಎಂದರು. ಅದು ಸುಳ್ಳು. ನಮಗೂ ಹೇಳಿದ್ದರು, ಮೊದಲ ದಿನವೇ. ಸುಮ್ಮನಿರುವುದು ಸುಲಭವಾದ ಅರ್ಧ, ಅದನ್ನು ಕಲಿತೆವು. ಉಳಿದದ್ದನ್ನು ಯಾರೂ ತಲೆಗೆ ಹಾಕಿಕೊಳ್ಳಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ನಾಚಿಕೆಯಾಗುತ್ತದೆ. ಬೇಡದ ಕಡೆಯೆಲ್ಲ ಬಾಯಿ ಹಾಕುವ ನಾನು, ಬೇಕಾದ ಒಂದೇ ಒಂದು ಕಡೆ ಮುಚ್ಚಿಕೊಂಡು ಕೂತೆ.

ಪರದೆ ನೋಡುವುದು ಕಷ್ಟವಾಗಿ ಆರು ತಿಂಗಳಿಗೆ ಅವರು ಕೆಲಸ ಬಿಟ್ಟರು. ಬೀಳ್ಕೊಡುಗೆಗೆ ಶಾಲು, ಹಾರ ಬೇಡವೆಂದರು. ಮಸಾಲೆ ದೋಸೆ ತರಿಸಿದೆವು. ಭಾಷಣ ಮಾಡಲು ಎದ್ದ ಮಾಲೀಕರನ್ನು, ದೋಸೆ ತಣ್ಣಗಾಗುತ್ತೆ ಕೂತ್ಕೊಳ್ಳಿ ಎಂದು ಕೂರಿಸಿದರು. ಸ್ಕೂಟರನ್ನು ಸೊನ್ನೆಗೆ ಕೊಟ್ಟುಹೋದರು.

ಅಂದಿನಿಂದ ಭಾನುವಾರ ಬೆಳಿಗ್ಗೆ ನಾನು ಜರಗನಹಳ್ಳಿಗೆ ಹೋಗುತ್ತೇನೆ. ಇಬ್ಬರೂ ಸಾರಕ್ಕಿ ಕೆರೆಯ ಸುತ್ತ ಒಂದು ಸುತ್ತು ಹಾಕುತ್ತೇವೆ. ನಾನು ಅವರ ಎಡಕ್ಕೆ ನಡೆಯುತ್ತೇನೆ. ಅಲ್ಲಿ ಏನೇನಿದೆ ಎಂದು ನಾನು ಒದರುತ್ತಿರಬೇಕು, ಅದು ಅವರ ಹೊಸ ಆಜ್ಞೆ: ಸೈಕಲ್ಲು, ಬೆಂಚು, ಕೊಕ್ಕರೆ ಒಂದು, ಕೊಕ್ಕರೆ ಎರಡು, ಜಗಳ ಆಡುತ್ತಿರುವ ಗಂಡ ಹೆಂಡತಿ. ಕೊಕ್ಕರೆಗಿಂತ ಗಂಡ ಹೆಂಡತಿಯ ವಿವರ ಅವರಿಗೆ ಹೆಚ್ಚು ಬೇಕು. ಹೊಟ್ಟೆ ತುಂಬ ಮಾತಾಡುವ ಅವಕಾಶ ನನಗೂ ಸಿಕ್ಕಿದೆ. ಬಲಗಡೆಯದ್ದು ಹೇಳುವ ಕೆಲಸ ನನ್ನದಾಗಿರಲಿಲ್ಲ. ಅದು ಅವರೇ ನೋಡಿಕೊಳ್ಳುತ್ತಿದ್ದರು.

ಹೋದ ಭಾನುವಾರ ಕೆರೆಯ ಏರಿಯ ಮೇಲೆ ಒಂದು ಕರಿನಾಯಿ ಅವರ ಬಲಗಡೆಯಿಂದ ಬಂದು, ಕಾಲಿಗೆ ಒಂದು ಗೇಣು ದೂರದಲ್ಲಿ ಹಾದು ಹೋಯಿತು. ಅವರು ಹೆಜ್ಜೆ ತಪ್ಪಿಸಲಿಲ್ಲ, ತಿರುಗಲಿಲ್ಲ. ತಮ್ಮ ತಂದೆ ಇದೇ ಕೆರೆಯಲ್ಲಿ ಎತ್ತು ತೊಳೆಯುತ್ತಿದ್ದುದನ್ನು ಸಂತೋಷವಾಗಿ ಹೇಳುತ್ತಿದ್ದರು. ಬೆಳಗಿನ ಬಿಸಿಲು ಚೆನ್ನಾಗಿತ್ತು, ಅವರ ಮುಖ ಅರಳಿತ್ತು. ಬುಧವಾರ ಹೇಗೂ ಡಾಕ್ಟರ ಹತ್ತಿರ ಹೋಗುವವರಿದ್ದರು. ಅಲ್ಲಿ ಗೊತ್ತಾಗುತ್ತದೆ ಎಂದು ನನ್ನ ಬಾಯಿ ತಾನಾಗಿಯೇ ಮುಚ್ಚಿಕೊಳ್ಳಲು ನೋಡಿತು.

"ಸರ್, ನಿಲ್ರೀ" ಎಂದೆ. "ಈಗ ನಿಮ್ಮ ಬಲಗಡಿಂದ ನಾಯಿ ಬಂತು. ನಿಮಗ ಕಾಣಲಿಲ್ಲ."

ಅವರು ನಿಂತರು. ನಾಯಿ ಹೋದ ಕಡೆಗೆ ಇಡೀ ತಲೆ ತಿರುಗಿಸಿ ಹುಡುಕಿದರು. ಅದು ಆಗಲೇ ದೂರ ಹೋಗಿತ್ತು. ಎಷ್ಟು ಹತ್ತಿರ ಬಂದಿತ್ತು ಎಂದು ಕೇಳಿದರು. ಗೇಣು ತೋರಿಸಿದೆ. ಬೇಲಿಯ ಸರಳು ಹಿಡಿದುಕೊಂಡರು. ಆಮೇಲೆ ಜೇಬಿನಿಂದ ಫೋನು ತೆಗೆದು, ಆಸ್ಪತ್ರೆಯ ನಂಬರು ಹಚ್ಚಿಕೊಡು, ಬುಧವಾರದವರೆಗೆ ಕಾಯೋದು ಬೇಡ ಎಂದು ನನ್ನ ಕೈಗೆ ಕೊಟ್ಟರು.

ಮನೆಗೆ ಬಂದಾಗ ಅವರ ಹೆಂಡತಿ, ನಾನು ಅಕ್ಕ ಎಂದು ಕರೆಯುವವರು, ಒಗ್ಗರಣೆ ಹಾಕುತ್ತಿದ್ದರು. ಸರ್ ಚಪ್ಪಲಿ ಬಿಟ್ಟು ಒಳಗೆ ಬರುವಷ್ಟರಲ್ಲಿ ನಾನು ಅಡುಗೆಮನೆಯ ಬಾಗಿಲಿಗೆ ಹೋಗಿ, ನಾಯಿಯ ವಿಷಯವನ್ನೆಲ್ಲ ಅಕ್ಕನಿಗೂ ಹೇಳಿದೆ.